ಬಾವಂಚಿ, ಬಿಸಿಲು ಮತ್ತು ಅಳತೆ

ಹಾರ್ಬರ್ ಲೈನಿನಲ್ಲಿ ಓಡಾಡುವವರಿಗೆ ಈ ಮೂರು ಮಾತು ಗೊತ್ತೇ ಇರುತ್ತವೆ: ಮೂಲವ್ಯಾಧಿ, ಗುಪ್ತರೋಗ, ಸಫೇದ್ ದಾಗ್. ಹಳಿ ಪಕ್ಕದ ಗೋಡೆಯ ಮೇಲೋ, ಡಬ್ಬಿಯ ಒಳಗೆ ಅಂಟಿಸಿದ ಬಣ್ಣಗೆಟ್ಟ ಚೀಟಿಯ ಮೇಲೋ ಎಲ್ಲಾದರೂ ಒಂದು ಕಡೆ ಇವು ಕಾಣಿಸುತ್ತವೆ. ಸಫೇದ್ ದಾಗ್ ಅಂದರೆ ಬಿಳಿ ಕಲೆ. ನಮ್ಮ ಮಾತಿನಲ್ಲಿ ತೊನ್ನು. ಇಷ್ಟು ದಿನದಲ್ಲಿ ಗ್ಯಾರಂಟಿ ಗುಣ ಎಂದು ಬರೆದಿರುತ್ತಾರೆ. ಹೀಗೆ ಬರೆಯುವುದು ಅಪರಾಧ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರೂ ಇದೆ. ಇದನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವ ಹಾಗಿಲ್ಲ. ಆದರೂ ಗೋಡೆಗಳು ಇವತ್ತಿಗೂ ಮಾತಾಡುತ್ತಲೇ ಇವೆ.

ಒಂದು ವಿಚಿತ್ರ ನೋಡಿ. ಚರ್ಮ ಬೆಳ್ಳಗಾಗಲಿ ಎಂದು ಹಚ್ಚಿಕೊಳ್ಳುವ ಫೇರ್ ಅಂಡ್ ಲವ್ಲಿ 1975ರಲ್ಲಿ ಹೊರಬಂದದ್ದು ಇದೇ ಮುಂಬಯಿಯ ಕಂಪನಿಯಿಂದ. ಆ ‘ಫೇರ್’ ಎಂಬ ಪದ ತೆಗೆದು ‘ಗ್ಲೋ’ ಮಾಡಿದ್ದು 2020ರಲ್ಲಿ. ಅಷ್ಟು ವರ್ಷ ಊರಿಗೆ ಊರೇ ಬೆಳ್ಳಗಾಗಲು ಟ್ಯೂಬು ಕೊಳ್ಳುತ್ತಿದ್ದಾಗ, ಅದೇ ಚಾಳಿನ ಮೂಲೆಯ ಖೋಲಿಯಲ್ಲಿ ಯಾರೋ ಒಬ್ಬರು ಅಂಗೈಯಗಲದ ಜಾಗ ಕಪ್ಪಾಗಲಿ ಎಂದು ಕದ ಹಾಕಿಕೊಂಡು ಏನನ್ನೋ ಅರೆಯುತ್ತಿದ್ದರು. ಈ ಬರಹ ಆ ಅರೆಯುವವರ ಬಗ್ಗೆ. ಅವರದು ಬರೀ ಮೂಢನಂಬಿಕೆ ಎಂದು ನಗುವವರಿದ್ದಾರೆ, ಅದೇ ಪರಮ ಔಷಧ ಎನ್ನುವವರೂ ಇದ್ದಾರೆ. ಇತಿಹಾಸ ನೋಡಿದರೆ ಇಬ್ಬರ ಮಾತೂ ಪೂರ್ತಿ ಸರಿಯಲ್ಲ.

ನಮ್ಮ ಕರಾವಳಿಯ ಕಡೆಯಿಂದಲೇ ಶುರು ಮಾಡೋಣ, ಮುಂಬಯಿ ಕನ್ನಡಿಗರಲ್ಲಿ ಅಲ್ಲಿಯವರದೇ ದೊಡ್ಡ ಪಾಲು. ಅಲ್ಲಿ ಮೈಮೇಲೆ ಬಿಳಿ ಕಲೆ ಬಂದರೆ ಮೊದಲ ಮಾತು ನಾಗದೋಷ. ಕುಕ್ಕೆ ಸುಬ್ರಹ್ಮಣ್ಯದಿಂದ ಹುತ್ತದ ಮಣ್ಣಿನ ಮೃತ್ತಿಕೆ ಪ್ರಸಾದ ಬರುತ್ತದೆ, ಅದನ್ನು ನೀರಿನಲ್ಲಿ ಕಲೆಸಿ ಹಚ್ಚುತ್ತಾರೆ. ಇದು ಚರ್ಮಕ್ಕೆ ಕೆಡುಕು ಮಾಡುವಂಥದ್ದಲ್ಲ, ಮನಸ್ಸಿಗೆ ಒಂದು ಆಸರೆ. ಆಮೇಲಿನದು ಕೇರುಬೀಜ. ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕಲು ಬಳಸುತ್ತಿದ್ದ ಅದೇ ಬೀಜ. ಬಟ್ಟೆಯ ಮೇಲೆ ಕಪ್ಪು ನಿಲ್ಲುವುದಾದರೆ ಚರ್ಮದ ಮೇಲೂ ನಿಲ್ಲಬಾರದೇಕೆ ಎಂಬ ಲೆಕ್ಕಾಚಾರ ಇರಬೇಕು. ಅದರ ಎಣ್ಣೆ ತಾಗಿದ ಕಡೆ ಚರ್ಮ ಸುಟ್ಟು ನೀರುಗುಳ್ಳೆ ಏಳುತ್ತದೆ, ವಾಸಿಯಾದ ಮೇಲೆ ಕಪ್ಪು ಕಲೆ ಉಳಿಯುವುದೂ ಉಂಟು. ಅದು ಗಾಯದ ಕಲೆ, ಹೋದ ಬಣ್ಣ ವಾಪಸು ಬಂದದ್ದಲ್ಲ. ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿ ಅರೆದದ್ದು, ಬಾವಂಚಿ.

ಬಾವಂಚಿ ಗೊತ್ತಲ್ಲ? ಸಂಸ್ಕೃತದಲ್ಲಿ ಬಾಕುಚಿ, ಅವಲ್ಗುಜ, ಸೋಮರಾಜಿ. ಮರಾಠಿಯಲ್ಲಿ ಬಾವಚಿ. ದಖ್ಖನ್ನಿನ ಹೊಲದ ಬದುಗಳಲ್ಲಿ ಕಳೆಯಂತೆ ಬೆಳೆಯುವ ಗಿಡ. ಊರಲ್ಲಿ ಗ್ರಂಧಿಗೆ ಅಂಗಡಿಗೆ ಹೋಗಿ ಹೆಸರು ಹೇಳಿದರೆ ಕಪ್ಪಗಿನ, ಹುರುಳಿಗಿಂತ ಚಿಕ್ಕದಾದ, ಸ್ವಲ್ಪ ಅಂಟಂಟಾದ ಬೀಜ ಕಟ್ಟಿಕೊಡುತ್ತಾರೆ. ಅದನ್ನು ಗೋಮೂತ್ರದಲ್ಲೋ ಶುಂಠಿ ರಸದಲ್ಲೋ ನೆನೆಹಾಕಿ, ಅರೆದು, ಕಲೆಗೆ ಹಚ್ಚಿ, ಬೆಳಗಿನ ಬಿಸಿಲಿಗೆ ಕೂರುವುದು. ಹಳೆಯ ವೈದ್ಯಗ್ರಂಥಗಳಲ್ಲಿ ಇದರ ಜೊತೆಗೆ ಹರಿತಾಳವನ್ನೂ ಸೇರಿಸುವ ಯೋಗವಿದೆ. ಹರಿತಾಳ ಎಂದರೆ ಆರ್ಸೆನಿಕ್ಕಿನ ಅದಿರು, ಮನೆಯಲ್ಲಿ ಮುಟ್ಟುವ ಪದಾರ್ಥವಲ್ಲ.

ಚರ್ಮ ಕಪ್ಪಾಗಿಸುವ ಈ ಆಸೆ ಎಷ್ಟು ಹಳೆಯದು? ಅಥರ್ವವೇದದ ಮೊದಲ ಕಾಂಡದಲ್ಲೇ ಬಿಳಿ ಕಲೆಗೆ ಬಣ್ಣ ಕೊಡೆಂದು ಒಂದು ಕಪ್ಪು ಮೂಲಿಕೆಯನ್ನು ಬೇಡುವ ಸೂಕ್ತಗಳಿವೆ. ಚರಕಸಂಹಿತೆಯಲ್ಲಿ ಇದಕ್ಕೆ ಶ್ವಿತ್ರ ಎಂದು ಹೆಸರು. ಅಲ್ಲಿನ ಚಿಕಿತ್ಸೆಯಲ್ಲಿ ಕಾಡು ಅತ್ತಿಯ ರಸವನ್ನು ಬೆಲ್ಲದೊಂದಿಗೆ ಕುಡಿಸುತ್ತಾರೆ, ರೋಗಿಯನ್ನು ಬಿಸಿಲಿನಲ್ಲಿ ಕೂರಿಸುತ್ತಾರೆ, ಕಲೆಯ ಮೇಲೆ ಗುಳ್ಳೆ ಎದ್ದರೆ ಮುಳ್ಳಿನಿಂದ ಚುಚ್ಚುತ್ತಾರೆ. ಗಿಡ, ಬಿಸಿಲು, ಗುಳ್ಳೆ: ಈ ಮೂರು ಒಟ್ಟಿಗೆ ಬಂದಿರುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕೃಷ್ಣನ ಮಗ ಸಾಂಬ ಶಾಪದಿಂದ ಚರ್ಮರೋಗ ತಗುಲಿಸಿಕೊಂಡು ಸೂರ್ಯನನ್ನು ಪೂಜಿಸಿ ಗುಣವಾದ ಕಥೆಯಲ್ಲೂ ಬಿಸಿಲೇ ಬರುತ್ತದೆ. ಅತ್ತ ಈಜಿಪ್ಟಿನಲ್ಲಿ ನೈಲ್ ದಂಡೆಯ ಬೇರೊಂದು ಗಿಡದ ಬೀಜ ಇದೇ ಕೆಲಸಕ್ಕೆ ಬಳಕೆಯಲ್ಲಿತ್ತು. 13ನೇ ಶತಮಾನದ ಅರಬ್ ವೈದ್ಯ ಇಬ್ನ್ ಅಲ್ ಬೈತಾರ್ ಅದನ್ನು ಸೇವಿಸಿ ಬಿಸಿಲಿಗೆ ಕೂರುವ ಕ್ರಮವನ್ನು ಬರೆದಿಟ್ಟಿದ್ದಾನೆ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ಗಿಡ, ಆದರೆ ಒಂದೇ ವಿಧಾನ!

ಇಷ್ಟೆಲ್ಲ ಹೆಣಗಾಟ ಯಾಕೆ? ಕಲೆ ನೋಯುವುದಿಲ್ಲ, ತುರಿಸುವುದು ಅಪರೂಪ, ಪ್ರಾಣಕ್ಕೆ ಅಪಾಯವಿಲ್ಲ. ನೋವೆಲ್ಲ ಹೊರಗಿನಿಂದ ಬಂದದ್ದು, ಅದರಲ್ಲೂ ಒಂದು ಪದದಿಂದ. ಹಿಂದಿಯಲ್ಲಿ ಕೋಢ್ ಎಂದರೆ ಕುಷ್ಠ. ಮರಾಠಿಯಲ್ಲಿ ಕೋಡ್ ಎಂದರೆ ಬಿಳಿ ಕಲೆ. ಎರಡೂ ಸಂಸ್ಕೃತದ ‘ಕುಷ್ಠ’ದ ಮಕ್ಕಳೇ. ಕನ್ನಡದ ತೊನ್ನು ಕೂಡ ಎರಡೂ ಅರ್ಥದಲ್ಲಿ ಬಳಕೆಯಾಗಿರುವ ಪದ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಪರ್ಷಿಯನ್ನರ ಬಗ್ಗೆ ಬರೆಯುತ್ತಾ, ಅಲ್ಲಿ ಕುಷ್ಠ ಇದ್ದವನಿಗೂ ಬಿಳಿ ಕಲೆ ಇದ್ದವನಿಗೂ ಊರೊಳಗೆ ಪ್ರವೇಶವಿಲ್ಲ ಎಂದು ಹೇಳಿದ್ದಾನೆ. ಅಂದರೆ ಈ ಗೊಂದಲ ನಮ್ಮೂರಿನದು ಮಾತ್ರವಲ್ಲ.

ಮುಂಬಯಿಯಲ್ಲಿ ಈ ಗೊಂದಲಕ್ಕೆ ಬೇಲಿ, ಗೋಡೆ, ಕಾನೂನು ಎಲ್ಲವೂ ಜೊತೆಯಾದವು. 1890ರಲ್ಲಿ ಮುನಿಸಿಪಲ್ ಕಮಿಷನರ್ ಆಕ್‌ವರ್ತ್ ಮಾಟುಂಗಾದಲ್ಲಿ ಮನೆಯಿಲ್ಲದ ಕುಷ್ಠರೋಗಿಗಳಿಗೆ ಒಂದು ಆಶ್ರಯ ಕಟ್ಟಿಸಿದರು. ಈಗಲೂ ವಡಾಲಾದಲ್ಲಿ ಅದು ಅವರ ಹೆಸರಿನ ಆಸ್ಪತ್ರೆ. 1898ರಲ್ಲಿ ಬಂದ ಲೆಪರ್ಸ್ ಆಕ್ಟ್ ಬಡ ರೋಗಿಗಳನ್ನು ಹಿಡಿದು ಕೂಡಿಹಾಕುವ ಅಧಿಕಾರ ಕೊಟ್ಟಿತು, ಅದು ರದ್ದಾದದ್ದು 2016ರಲ್ಲಿ. ಮದುವೆ ಮುರಿಯಲು ಕುಷ್ಠವನ್ನು ಕಾರಣವಾಗಿ ಕೊಡಬಹುದೆಂಬ ಕಲಮು ಹೋದದ್ದು ಇನ್ನೂ ಈಚೆಗೆ, 2019ರಲ್ಲಿ. ಈ ಯಾವ ಕಾನೂನೂ ತೊನ್ನಿಗೆ ಸಂಬಂಧಿಸಿದ್ದಲ್ಲ. ಆದರೆ ಓಣಿಯ ಜನಕ್ಕೆ ಆ ವ್ಯತ್ಯಾಸ ಬೇಕಿರಲಿಲ್ಲ. ವ್ಯತ್ಯಾಸ ಮಾತ್ರ ಬಹಳ ಸರಳ. ಕುಷ್ಠದ ಮಚ್ಚೆ ಹಾಲಿನಂತೆ ಬೆಳ್ಳಗಿರುವುದಿಲ್ಲ, ಹೆಚ್ಚಾಗಿ ಅಲ್ಲಿ ಸ್ಪರ್ಶಜ್ಞಾನ ಹೋಗಿರುತ್ತದೆ. ತೊನ್ನಿನಲ್ಲಿ ಸ್ಪರ್ಶ ಸರಿಯಾಗೇ ಇರುತ್ತದೆ, ಬಣ್ಣ ಮಾತ್ರ ಇರುವುದಿಲ್ಲ. ಮೊದಲನೆಯದು ರೋಗಾಣುವಿನಿಂದ ಬರುವುದು, ಈಗ ಅದಕ್ಕೂ ಪೂರ್ತಿ ಗುಣವಾಗುವ ಔಷಧಿಯಿದೆ. ಎರಡನೆಯದು ನಮ್ಮ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಬಣ್ಣದ ಕಣಗಳ ಮೇಲೆ ತಿರುಗಿಬೀಳುವುದು. ಅದು ಅಂಟುವುದೇ ಇಲ್ಲ.

ಈಗ ಬೆಂಗಳೂರಿಗೆ ಹೋಗೋಣ. ಕನ್ನಡಿಗರಿಗೇ ಗೊತ್ತಿಲ್ಲದ ಕನ್ನಡನಾಡಿನ ಕಥೆ ಇಲ್ಲಿಂದ ಶುರು.

ಬಾವಂಚಿಯೊಳಗೆ ಏನಿದೆ ಎಂದು ಆಧುನಿಕ ಕಣ್ಣಿನಿಂದ ನೋಡಿದ ಮೊದಲಿಗರಲ್ಲಿ ಒಬ್ಬರು ಕಲ್ಕತ್ತೆಯ ಟ್ರಾಪಿಕಲ್ ಮೆಡಿಸಿನ್ ಶಾಲೆಯ ಆರ್.ಎನ್. ಚೋಪ್ರಾ. 1927ರಲ್ಲಿ ಚಟರ್ಜಿಯವರೊಂದಿಗೆ ಅವರು ಈ ಬೀಜದ ಬಗ್ಗೆ ಲೇಖನ ಪ್ರಕಟಿಸಿದರು. ಆದರೆ ಅದರೊಳಗಿನ ನಿಜವಾದ ಕೆಲಸಗಾರನನ್ನು ಹಿಡಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ರಸಾಯನಶಾಸ್ತ್ರಜ್ಞರು. ಎಚ್.ಎಸ್. ಜೋಯಿಸ್, ಬಿ.ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್ ಮೂವರೂ ಸೇರಿ ಬಾವಂಚಿ ಬೀಜವನ್ನು ಶೋಧಿಸಿ, 1933ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಫಲಿತಾಂಶ ಬರೆದರು. ಗಿಡದ ಲ್ಯಾಟಿನ್ ಹೆಸರು ಸೊರಾಲಿಯಾ ಕೊರಿಲಿಫೋಲಿಯಾ. ಅದರಿಂದ ಸಿಕ್ಕ ವಸ್ತುವಿನ ಹೆಸರು ಸೊರಾಲೆನ್. ಮುಂದೆ 1936ರಲ್ಲಿ ವಿಯೆನ್ನಾದ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಅರ್ನ್‌ಸ್ಟ್ ಶ್ಪೇಟ್ ಮತ್ತು ಪೈಲರ್ ಅವರೊಂದಿಗೆ ಮಂಜುನಾಥ್ ಹಾಗೂ ಜೋಯಿಸರ ಹೆಸರೂ ಇರುವ ಜರ್ಮನ್ ಲೇಖನ ಬಂತು. ಸೊರಾಲೆನ್ನಿನ ರಚನೆ ಹೀಗಿದೆ ಎಂದು ಅದನ್ನು ಹೊಸದಾಗಿ ಕಟ್ಟಿಯೇ ತೋರಿಸಿದ ಲೇಖನ ಅದು. ಇದೇ ಮಂಜುನಾಥರು ಮುಂದೆ ‘ವೆಲ್ತ್ ಆಫ್ ಇಂಡಿಯಾ’ ಎಂಬ ದೊಡ್ಡ ಕೋಶದ 1948ರ ಮೊದಲ ಸಂಪುಟದ ಸಂಪಾದಕರಾದರು.

ಇನ್ನೊಂದು ಸ್ವಾರಸ್ಯ. ಅದೇ ಹೊತ್ತಿಗೆ ಜಪಾನಿನ ಒಕಾಹಾರ ಅಂಜೂರದ ಎಲೆಯಿಂದ ಒಂದು ವಸ್ತುವನ್ನು ತೆಗೆದು ಅದಕ್ಕೆ ಫಿಕ್ಯುಸಿನ್ ಎಂದು ಹೆಸರಿಟ್ಟಿದ್ದ. ನೋಡಿದರೆ ಅದೂ ಸೊರಾಲೆನ್ನೇ! ಅಂಜೂರಕ್ಕೆ ನಮ್ಮ ಅತ್ತಿ ಹತ್ತಿರದ ನೆಂಟ. ಚರಕ ಕಾಡು ಅತ್ತಿಯ ರಸ ಕುಡಿಸಿ ಬಿಸಿಲಿಗೆ ಕೂರಿಸಿದ್ದು ಸುಮ್ಮನೆ ಅಲ್ಲ.

ಸೊರಾಲೆನ್ ಕತ್ತಲಲ್ಲಿ ಹೆಚ್ಚೇನೂ ಮಾಡದೆ ಚರ್ಮದೊಳಗೆ ಮಲಗಿರುತ್ತದೆ. ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಯುವಿಎ ಕಿರಣ ಬಿದ್ದರೆ ಎದ್ದು, ಜೀವಕೋಶದ ಡಿಎನ್‌ಎ ಎಳೆಗಳಿಗೆ ಹೊಲಿಗೆ ಹಾಕಿದ ಹಾಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಪ್ರಮಾಣದಲ್ಲಾದರೆ ಕೂದಲ ಬುಡದಲ್ಲಿ ಅಡಗಿರುವ ಬಣ್ಣದ ಕಣಗಳು ಎಚ್ಚೆತ್ತು ಮೇಲೆ ಬರುತ್ತವೆ. ಅದಕ್ಕೇ ಗುಣವಾಗುವ ಕಲೆಯಲ್ಲಿ ಮೊದಲು ರೋಮದ ಸುತ್ತ ಎಳ್ಳಿನಂಥ ಚುಕ್ಕಿ ಮೂಡುತ್ತದೆ, ಆಮೇಲೆ ಚುಕ್ಕಿಗಳು ಕೂಡುತ್ತವೆ. ತುಟಿ, ಬೆರಳ ತುದಿಯಲ್ಲಿ ರೋಮವಿಲ್ಲ, ಹಾಗಾಗಿ ಅಲ್ಲಿ ಬಣ್ಣ ಬರುವುದು ಬಲು ಕಷ್ಟ. ಕಲೆಯ ಮೇಲಿನ ಕೂದಲೇ ಬೆಳ್ಳಗಾಗಿದ್ದರೂ ಅಷ್ಟೇ. ಪ್ರಮಾಣ ಹೆಚ್ಚಾದರೆ? ಚರ್ಮ ಸುಡುತ್ತದೆ.

ಈ ಬೆಳಕಿನ ಗುಟ್ಟನ್ನು ಬೆಂಗಳೂರಿನವರು ಹುಡುಕಲಿಲ್ಲ, ಅವರ ಕೆಲಸ ರಸಾಯನಶಾಸ್ತ್ರ. ಈ ಕುಟುಂಬದ ವಸ್ತುಗಳು ಚರ್ಮವನ್ನು ಬೆಳಕಿಗೆ ಕೆರಳಿಸುತ್ತವೆ ಎಂದು 1938ರಲ್ಲಿ ತೋರಿಸಿದ್ದು ಕುಸ್ಕೆ. ಕೈರೋದಲ್ಲಿ 1947ರಲ್ಲಿ ಫಹ್ಮಿ ಮತ್ತು ಸಂಗಡಿಗರು ನೈಲ್ ದಂಡೆಯ ಬೀಜದಿಂದ ಸೊರಾಲೆನ್ನಿನ ತಮ್ಮನಂಥ ವಸ್ತುವನ್ನು ತೆಗೆದರು. ಚರ್ಮವೈದ್ಯ ಎಲ್ ಮೊಫ್ತಿ ಅದನ್ನು ರೋಗಿಗಳಿಗೆ ಕೊಟ್ಟು, ಬಿಸಿಲಿಗೆ ಒಡ್ಡಿ, ಫಲಿತಾಂಶ ಬರೆದರು. ಆಮೇಲೆ ಅದು ಅಮೆರಿಕದಲ್ಲಿ ಮಾತ್ರೆಯಾಯಿತು. 1974ರಲ್ಲಿ ಬಾಸ್ಟನ್ನಿನ ಪ್ಯಾರಿಶ್, ಫಿಟ್ಜ್‌ಪ್ಯಾಟ್ರಿಕ್ ಮುಂತಾದವರು ಮಾತ್ರೆಯ ಜೊತೆ ಅಳತೆಯ ಯುವಿಎ ದೀಪ ಸೇರಿಸಿ ಸೋರಿಯಾಸಿಸ್‌ಗೆ ಬಳಸಿದರು. ಪುವಾ ಎಂಬ ಹೆಸರು ಆಸ್ಪತ್ರೆಗಳಿಗೆ ಬಂದದ್ದು ಹೀಗೆ. ಬೀಜ ನಮ್ಮದು, ಬಿಸಿಲು ನಮ್ಮದು, ಮೊದಲು ಹೆಸರಿಸಿದವರೂ ನಮ್ಮವರು. ಚಿಕಿತ್ಸೆ ಮಾತ್ರ ಕೈರೋ, ಬಾಸ್ಟನ್ ಸುತ್ತಿಕೊಂಡು ಮುಂಬಯಿಗೆ ಬಂತು.

ಈ ಮಾತ್ರೆಯ ಶಕ್ತಿ ಎಷ್ಟೆಂದರೆ, 1959ರಲ್ಲಿ ಜಾನ್ ಹೊವರ್ಡ್ ಗ್ರಿಫಿನ್ ಎಂಬ ಬಿಳಿಯ ಅಮೆರಿಕನ್ ಬರಹಗಾರ ಇದನ್ನೇ ನುಂಗಿ, ದೀಪದ ಕೆಳಗೆ ಮಲಗಿ, ಉಳಿದ ಕೊರತೆಗೆ ಬಣ್ಣ ತೀಡಿಕೊಂಡು ಕಪ್ಪಾದ. ಹಾಗೆಯೇ ದಕ್ಷಿಣದ ರಾಜ್ಯಗಳಲ್ಲಿ ವಾರಗಟ್ಟಲೆ ತಿರುಗಿದ. 1961ರಲ್ಲಿ ಬಂದ ಅವನ ‘ಬ್ಲ್ಯಾಕ್ ಲೈಕ್ ಮೀ’ ಪುಸ್ತಕದಲ್ಲಿ ಆ ಅನುಭವವಿದೆ. ಮನುಷ್ಯ ಅವನೇ. ಬದಲಾದದ್ದು ಬಣ್ಣ ಒಂದೇ, ಆದರೆ ಜನ ನೋಡುವ ರೀತಿಯೇ ಬದಲಾಯಿತು. ತೊನ್ನು ಇದ್ದವರಿಗೆ ಇದನ್ನು ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ.

ಇನ್ನು ಮನೆಯ ಅರೆಗಲ್ಲಿಗೆ ಬರೋಣ. ಎರಡು ವರ್ಷದ ಹಿಂದೆ ನಮ್ಮ ಕಾಮೋಠೆಯಲ್ಲೇ, ಪಕ್ಕದ ಸೊಸೈಟಿಯ ಉಡುಪಿ ಕಡೆಯ ಹೆಂಗಸೊಬ್ಬರು ಕೇಳಿದ್ದರು: “ಅಣ್ಣಾ, ಊರಿಗೆ ಹೋದರೆ ಸ್ವಲ್ಪ ಬಾವಂಚಿ ತರ್ತೀರಾ? ಇಲ್ಲಿಯದು ಹಳತಾಗಿರ್ತದೆ.” ಯಾಕೆಂದು ಕೇಳಿದಾಗ ಗೊತ್ತಾಯಿತು. ಮಗಳ ಕಣಕಾಲಿನ ಮೇಲೆ ರೂಪಾಯಿ ನಾಣ್ಯದಷ್ಟು ಕಲೆ. ಮದುವೆ ಮಾತು ನಡೆಯುತ್ತಿತ್ತು, ಆರು ತಿಂಗಳೊಳಗೆ ಮುಚ್ಚಿಹೋಗಬೇಕು. ಇಲ್ಲಿ ಸಿಕ್ಕಿದ್ದನ್ನೇ ಅರೆದು ಹಚ್ಚಿ, ಬಾಲ್ಕನಿಯಲ್ಲಿ ಅರ್ಧ ಗಂಟೆ ಕೂರಿಸಿದ್ದರು. ಮೊದಲ ದಿನ ಏನೂ ಆಗಲಿಲ್ಲ. ಮರುದಿನವೂ ಹಚ್ಚಿದರು. ಮೂರನೇ ದಿನ ಕಾಲಿನ ಮೇಲೆ ನಿಂಬೆಹಣ್ಣಿನ ಗಾತ್ರದ ಗುಳ್ಳೆ. “ಹಳೆ ಬೀಜ, ಅದಕ್ಕೇ ಹಾಗಾಯ್ತು,” ಎಂದು ಅವರ ನಂಬಿಕೆ. ನಿಜಕ್ಕೂ ಬೀಜ ಚೆನ್ನಾಗಿಯೇ ಕೆಲಸ ಮಾಡಿತ್ತು! ಸೊರಾಲೆನ್ನಿನ ಸುಟ್ಟಗಾಯ ಜೋರಾಗುವುದು ಎರಡು ಮೂರು ದಿನ ಕಳೆದ ಮೇಲೆ. ಮೊದಲ ದಿನ ಏನೂ ಆಗಲಿಲ್ಲವೆಂದು ಮತ್ತೆ ಹಚ್ಚುವುದೇ ದೊಡ್ಡ ಅಪಾಯ.

ಅಜ್ಜಿಯರ ಕಾಲದ ವಿಧಾನದಲ್ಲಿ ಇರದೇ ಹೋದದ್ದು ಅಳತೆ, ಬೇರೇನಲ್ಲ. ಒಂದು ಹೊಲದ ಬೀಜದಲ್ಲಿ ಇರುವಷ್ಟು ಸೊರಾಲೆನ್ ಇನ್ನೊಂದು ಹೊಲದ್ದರಲ್ಲಿ ಇರುವುದಿಲ್ಲ. ಬೆಳಗಿನ ಏಳರ ಬಿಸಿಲು ಬೇರೆ, ಹತ್ತರ ಬಿಸಿಲು ಬೇರೆ, ಮೋಡದ ದಿನ ಬೇರೆ. ಯುವಿಎ ಕಿಟಕಿ ಗಾಜಿನ ಮೂಲಕವೂ ಒಳಗೆ ಬರುತ್ತದೆ, ಹಾಗಾಗಿ ಹಚ್ಚಿ ಮನೆಯೊಳಗೇ ಇದ್ದೆ ಎನ್ನುವುದೂ ರಕ್ಷೆಯಲ್ಲ. ಇಷ್ಟು ಗೊತ್ತಿಲ್ಲದ ಲೆಕ್ಕಗಳನ್ನು ಒಟ್ಟಿಗೆ ಹಾಕಿ ಉತ್ತರ ಸರಿಬರಲಿ ಎಂದರೆ ಹೇಗೆ? ಇನ್ನೊಂದು ಕ್ರೂರ ವಿಷಯವಿದೆ. ತೊನ್ನು ಇರುವ ಮೈಯಲ್ಲಿ ಗಾಯವಾದ, ಸುಟ್ಟ ಜಾಗದಲ್ಲೇ ಹೊಸ ಬಿಳಿ ಕಲೆ ಹುಟ್ಟಬಹುದು. ಕಪ್ಪು ಮಾಡಲು ಹೋಗಿ ಕಲೆಯನ್ನೇ ಹಿಗ್ಗಿಸಿದಂತಾಗುತ್ತದೆ. ಬಾವಂಚಿಯನ್ನು ಹೊಟ್ಟೆಗೆ ತೆಗೆದುಕೊಂಡವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳೂ ದಾಖಲಾಗಿವೆ.

ಆಸ್ಪತ್ರೆಯ ಇತಿಹಾಸವೂ ಈ ಅಳತೆಯ ಹುಡುಕಾಟವೇ. ಪುವಾ ಬಂದ ಮೇಲೂ ವಾಕರಿಕೆ, ಸುಟ್ಟಗಾಯ, ಬಹಳ ವರ್ಷ ಮಾಡಿದರೆ ಚರ್ಮದ ಕ್ಯಾನ್ಸರಿನ ಭಯ ಇದ್ದವು. 1997ರಲ್ಲಿ ವೆಸ್ಟರ್‌ಹಾಫ್ ಮತ್ತು ಸಹೋದ್ಯೋಗಿ, ಯಾವ ಗಿಡದ ರಸವೂ ಇಲ್ಲದೆ ಬರೀ 311 ನ್ಯಾನೊಮೀಟರಿನ ಸಣ್ಣ ಪಟ್ಟಿಯ ಯುವಿಬಿ ಬೆಳಕಿನಿಂದಲೇ ತೊನ್ನಿಗೆ ಬಣ್ಣ ಬರಿಸಬಹುದೆಂದು ತೋರಿಸಿದರು. ಈಗ ಹೆಚ್ಚು ನಡೆಯುವುದು ಇದೇ. ಹರಡದೆ ನಿಂತ ಕಲೆಗೆ ತನ್ನದೇ ಚರ್ಮದ ಬಣ್ಣದ ಕಣಗಳನ್ನು ನಾಟಿ ಮಾಡುವ ಕ್ರಮವಿದೆ. 2022ರಲ್ಲಿ ರಕ್ಸೊಲಿಟಿನಿಬ್ ಮುಲಾಮಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದ್ಯಾವುದೂ ಗೋಡೆಯ ಜಾಹೀರಾತಿನ ಗ್ಯಾರಂಟಿ ಅಲ್ಲ. ತಿಂಗಳುಗಳು ಹಿಡಿಯುತ್ತವೆ, ಮುಖಕ್ಕೆ ಬಂದ ಹಾಗೆ ಬೆರಳಿಗೆ ಬರುವುದಿಲ್ಲ. ಮದುವೆಯ ದಿನಕ್ಕೋ ಫೋಟೋಕ್ಕೋ ಬಣ್ಣ ಬೇಕೆಂದರೆ ಮೇಲೆ ಹಚ್ಚಿ ತೊಳೆಯಬಹುದಾದ ಬಣ್ಣಗಳಿವೆ, ಅದರಲ್ಲಿ ನಾಚಿಕೆಯೇನೂ ಇಲ್ಲ. ಕಲೆ ಹಣೆಯ ನಡುವೆ ಮಾತ್ರ ಇದ್ದರೆ ಮೊದಲು ಸ್ಟಿಕ್ಕರ್ ಬಿಂದಿ ನಿಲ್ಲಿಸಿ ನೋಡಬೇಕು, ಅದರ ಅಂಟಿನಲ್ಲಿರುವ ಒಂದು ರಾಸಾಯನಿಕವೇ ಬಣ್ಣದ ಕಣ ಕೊಲ್ಲುವುದುಂಟು.

ನಾವಿರುವ ಜಾಗ ನೋಡಿ. ಕಾಮೋಠೆಯಲ್ಲಿ ಎಂ.ಜಿ.ಎಂ. ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ. ಎರಡು ಸ್ಟೇಷನ್ ಆಚೆ ಪನ್ವೇಲಿನಲ್ಲಿ, 1872ರಲ್ಲಿ ಕೃಷ್ಣಶಾಸ್ತ್ರಿ ಪುರಾಣಿಕರು ಶುರುಮಾಡಿದ ಧೂತಪಾಪೇಶ್ವರ ಆಯುರ್ವೇದ ಔಷಧಾಲಯದ ಊರು. ಇನ್ನೂ ಒಳಗೆ ನೇರೆಯಲ್ಲಿ ಕುಷ್ಠರೋಗ ನಿವಾರಣ ಸಮಿತಿಯ ಶಾಂತಿವನ. ಹಳೆಯ ಮದ್ದು, ಹೊಸ ಮದ್ದು, ಮತ್ತು ಸಮಾಜ ಹೊರಗಿಟ್ಟವರ ಮನೆ, ಮೂರೂ ಒಂದು ರಿಕ್ಷಾ ದೂರದಲ್ಲಿವೆ. ಆದರೂ ನಮ್ಮ ಮನೆಗಳಲ್ಲಿ ಕದ ಹಾಕಿಕೊಂಡೇ ಅರೆಯುತ್ತಾರೆ. ಡಾಕ್ಟರ ಹತ್ತಿರ ಹೋದರೆ ಯಾರಾದರೂ ನೋಡಿಯಾರು ಎಂಬ ಅಂಜಿಕೆ, ಮದ್ದಿನ ಅಂಜಿಕೆಗಿಂತ ದೊಡ್ಡದು.

ಪಕ್ಕದ ಸೊಸೈಟಿಯ ಆ ಹುಡುಗಿಯ ಗುಳ್ಳೆ ಒಣಗಿತು. ಆಮೇಲೆ ಚರ್ಮವೈದ್ಯರ ಹತ್ತಿರ ಬೆಳಕಿನ ಚಿಕಿತ್ಸೆ ಶುರುಮಾಡಿದಳು. ಮದುವೆ ಮಾತು ಮುರಿಯಿತು, ಅದು ಕಲೆಯಿಂದಲೋ ಬೇರೆ ಕಾರಣದಿಂದಲೋ ನಾನು ಕೇಳಲಿಲ್ಲ. ಬಾವಂಚಿಯ ಗುಟ್ಟನ್ನು ಬೆಂಗಳೂರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ನಮ್ಮವರು ಬಿಡಿಸಿ ತೊಂಬತ್ತು ವರ್ಷ ದಾಟಿತು. ಚರ್ಮಕ್ಕೆ ಎಷ್ಟು ಬೆಳಕು, ಎಷ್ಟು ಮದ್ದು ಎಂಬ ಲೆಕ್ಕವೂ ಸಿಕ್ಕಿತು. ನೆಂಟರಿಷ್ಟರ ಮದುವೆ ಮಾತಿನಲ್ಲಿ ‘ಅವರ ಮನೇಲಿ ತೊನ್ನಿದೆಯಂತೆ’ ಎಂದು ಯಾರಾದರೂ ಪಿಸುಗುಟ್ಟಿದಾಗ, ‘ಇದ್ದರೇನಂತೆ, ಅಂಟುವುದಿಲ್ಲವಲ್ಲ’ ಎಂದು ಗಟ್ಟಿಯಾಗಿ ಹೇಳಲು ಲ್ಯಾಬು ಬೇಕಿಲ್ಲ. ಆ ಕೆಲಸ ನಮ್ಮ ಪಾಲಿನದು.